ಕೆಲಸ ಹೋಗಿದೆ, ಬಾಡಿಗೆ ಏರ್ತಿದೆ, ದಾವಣಗೆರೆಗೆ ವಾಪಸ್ ಹೋಗ್ಬಿಡೋದಾ?

ಪ್ರಶ್ನೆ: ಸರ್ ನಮಸ್ತೆ. ನನಗೆ 38 ವರ್ಷ, ಐಟಿ ಕಂಪನಿಲಿ ಟೆಸ್ಟಿಂಗ್ ಲೀಡ್ ಆಗಿದ್ದೆ. 2025ರ ನವೆಂಬರ್ ಕೊನೇ ವಾರ ಒಂದು ಮೀಟಿಂಗಿಗೆ ಕರೆದು, ನೀವೇ ರಿಸೈನ್ ಮಾಡಿ, ಇಲ್ಲಾಂದ್ರೆ ಟರ್ಮಿನೇಷನ್ ಅಂತ ರೆಕಾರ್ಡಲ್ಲಿ ಬರುತ್ತೆ ಅಂದ್ರು. ಹೆದರ್ಕೊಂಡು ರಿಸೈನ್ ಮಾಡ್ಬಿಟ್ಟೆ. ಆ ಕಂಪನಿಲಿ 4 ವರ್ಷ 10 ತಿಂಗಳು ಆಗಿತ್ತು. ಎರಡು ತಿಂಗಳಾಯ್ತು, ಫೈನಲ್ ಸೆಟಲ್‌ಮೆಂಟ್ ಇನ್ನೂ ಬಂದಿಲ್ಲ. ಬೆಂಗಳೂರಿನ ಕಗ್ಗದಾಸಪುರದಲ್ಲಿ ಟೂ ಬಿಎಚ್‌ಕೆ, ಬಾಡಿಗೆ 32,000, ಮೇಂಟೆನೆನ್ಸ್ 3,500, ಏಪ್ರಿಲ್‌ನಿಂದ 36,000 ಕೊಡಿ ಅಂತಿದ್ದಾರೆ ಓನರ್. ಅಡ್ವಾನ್ಸ್ 2 ಲಕ್ಷ ಅವರ ಹತ್ರ ಇದೆ. ಹೆಂಡ್ತಿ ಪ್ಲೇಸ್ಕೂಲ್ ಟೀಚರ್, 18,000 ಬರುತ್ತೆ. ಮಗಳು ನಾಲ್ಕನೇ ಕ್ಲಾಸು. ಬ್ಯಾಂಕಲ್ಲಿ ಏಳೂವರೆ ಲಕ್ಷ, ಪಿಎಫ್‌ನಲ್ಲಿ 7 ಲಕ್ಷ ಚಿಲ್ಲರೆ, ಕಾರಿನ ಇಎಂಐ 11,500. ದಾವಣಗೆರೆಯಲ್ಲಿ ಅಪ್ಪನ ಸ್ವಂತ ಮನೆ, ಮೇಲಿನ ಪೋರ್ಷನ್ ಖಾಲಿ ಇದೆ. ಬೆಂಗಳೂರು ಬಿಟ್ರೆ ನಿನ್ನ ಕರಿಯರ್ ಮುಗೀತು ಅಂತ ಫ್ರೆಂಡ್ಸ್ ಹೇಳ್ತಾರೆ. ಊರಿಗೆ ಹೋಗೋದಾ, ಮೈಸೂರಿಗೆ ಹೋಗೋದಾ, ಇಲ್ಲೇ ಹಲ್ಲು ಕಚ್ಕೊಂಡು ಇರೋದಾ? ಊರಲ್ಲಿ ಒಬ್ಬ ಫ್ರೆಂಡು ಬೆಣ್ಣೆ ದೋಸೆ ಹೋಟೆಲ್ ಪಾರ್ಟ್ನರ್‌ಶಿಪ್‌ಗೆ ಕರೀತಿದ್ದಾನೆ, ಪಿಎಫ್ ತೆಗೆದು ಹಾಕ್ಲಾ ಅನ್ನೋ ಯೋಚನೆನೂ ಇದೆ.

ಉತ್ತರ: ನಿಮ್ಮ ಪತ್ರ, ಜೊತೆಗೆ ಕಳಿಸಿದ ಖರ್ಚಿನ ಪಟ್ಟಿ, ಎರಡು ಸಲ ಓದ್ದೆ (ಮೇಲೆ ಹಾಕಿರೋದು ಪತ್ರದ ಮುಖ್ಯ ಭಾಗ ಮಾತ್ರ). ಮೊದಲೇ ನನ್ನ ಅಭಿಪ್ರಾಯ ಹೇಳ್ಬಿಡ್ತೀನಿ, ಆಮೇಲೆ ಯಾಕೆ ಅಂತ ನೋಡೋಣ. ದಾವಣಗೆರೆಗೆ ಹೋಗಿ. ಆದ್ರೆ ನಾಳೆನೇ ಅಲ್ಲ, ಮಗಳ ಪರೀಕ್ಷೆ ಮುಗಿಸಿ ಮಾರ್ಚ್ ಕೊನೆಗೆ. ಹೋಗೋದು ಮನೆ ಮಾತ್ರ, ಕೆಲಸ ಹುಡುಕೋದು ಬೆಂಗಳೂರಲ್ಲೇ ಇರ್ಲಿ. ಹೋಟೆಲ್ ಬೇಡ, ಪಿಎಫ್ ಮುಟ್ಬೇಡಿ. ಮತ್ತೆ ಇದನ್ನೆಲ್ಲ ತೀರ್ಮಾನ ಮಾಡೋಕೆ ಮುಂಚೆ ನಿಮ್ಮ ಹೆಂಡತಿ ಹತ್ರ ಕೂತು ಮಾತಾಡಿ, ಯಾಕಂದ್ರೆ ಇಷ್ಟುದ್ದದ ಪತ್ರದಲ್ಲಿ ಅವರ ಸಂಬಳ ಎಷ್ಟು ಅಂತ ಇದೆ, ಅವರಿಗೆ ಏನನ್ಸುತ್ತೆ ಅಂತ ಒಂದು ಸಾಲೂ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ನೀವು ಕಳಿಸಿದ ಖರ್ಚಿನ ಪಟ್ಟಿ ಹಿಡ್ಕೊಂಡು ಕೂಡಿಸ್ದೆ. ಬಾಡಿಗೆ ಮೇಂಟೆನೆನ್ಸ್ ಸೇರಿ 35,500, ಸ್ಕೂಲ್ ಫೀಸು ವ್ಯಾನು ತಿಂಗಳ ಲೆಕ್ಕಕ್ಕೆ 14,000, ಅಡುಗೆ ಮನೆ ಖರ್ಚು 16,000, ಕಾರು 11,500, ಅಮ್ಮನ ಮಾತ್ರೆ ಮತ್ತೆ ಇನ್ಶೂರೆನ್ಸು 6,000, ಕರೆಂಟು ನೆಟ್ಟು ಗ್ಯಾಸು ಪೆಟ್ರೋಲು ಕೆಲಸದವರು ಇವೆಲ್ಲ ಒಂದು 9,000. ಒಟ್ಟು 92,000. ಅದರಲ್ಲಿ ನಿಮ್ಮ ಹೆಂಡತಿ ಸಂಬಳ 18,000 ಕಳೆದ್ರೆ ಪ್ರತಿ ತಿಂಗಳು 74,000 ಬ್ಯಾಂಕಿಂದ ಸೋರಿ ಹೋಗ್ತಿದೆ. ಏಳೂವರೆ ಲಕ್ಷ ಎಷ್ಟು ದಿನ ಬರುತ್ತೆ? ಹತ್ತು ತಿಂಗಳು. ಬಾಡಿಗೆ 36,000 ಆದ್ರೆ ಅದೂ ಇಲ್ಲ. ಯಾರಿಗಾದ್ರೂ ಹುಷಾರಿಲ್ದೆ ಆದ್ರೆ, ಹಬ್ಬ, ಮದುವೆ ಮುಂಜಿ, ಕಾರಿನ ಇನ್ಶೂರೆನ್ಸ್ ರಿನ್ಯೂವಲ್ಲು, ಇದು ಯಾವುದೂ ಈ ಲೆಕ್ಕದಲ್ಲಿಲ್ಲ.

ಎಲ್ಲೋ ದುಂದು ಮಾಡ್ತಿದೀನೇನೋ ಅಂತ ನಿಮಗೆ ಅನುಮಾನ ಬಂದಿದೆ ಅಂತ ಬರೆದಿದ್ರಿ. ಇಲ್ಲ. ಈ ಪಟ್ಟಿಲಿ ದುಂದು ಅನ್ನೋ ಥರದ್ದು ನನಗೆ ಒಂದೂ ಕಾಣ್ಲಿಲ್ಲ. ಊರೇ ದುಬಾರಿ ಆಗಿದೆ. ಕೋವಿಡ್ ಟೈಮಲ್ಲಿ ಬೆಂಗಳೂರಲ್ಲಿ ಬೀದಿಗೊಂದು ಟೂ ಲೆಟ್ ಬೋರ್ಡ್ ನೇತಾಡ್ತಿತ್ತು, 2022ರ ಕೊನೆಗೆ ಆಫೀಸುಗಳು ಎಲ್ಲರನ್ನೂ ವಾಪಸ್ ಕರೆದಾಗ ಬಾಡಿಗೆ ಜಿಗಿದಿದ್ದು ಜಿಗಿದಿದ್ದೇ, ಕೆಳಗೆ ಇಳೀಲೇ ಇಲ್ಲ. ಆಮೇಲೆ 2025ರ ಒಂದೇ ವರ್ಷದಲ್ಲಿ ಏನೇನಾಯ್ತು ನೋಡಿ, ಜನವರಿಲಿ ಬಸ್ ಚಾರ್ಜು 15 ಪರ್ಸೆಂಟ್ ಜಾಸ್ತಿ, ಫೆಬ್ರವರಿಲಿ ಮೆಟ್ರೋದು ಗರಿಷ್ಠ ಟಿಕೆಟ್ 60 ರೂಪಾಯಿಂದ 90ಕ್ಕೆ ಹೋಯ್ತು, ಏಪ್ರಿಲ್ ಒಂದಕ್ಕೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರ್ತು, ಕರೆಂಟ್ ಬಿಲ್ಲಲ್ಲಿ ಯೂನಿಟ್ಟಿಗೆ 36 ಪೈಸೆ ಸೇರ್ತು, 2014ರಿಂದ ಮುಟ್ಟದೇ ಇದ್ದ ಕಾವೇರಿ ನೀರಿನ ದರನೂ ಏರಿಸಿದ್ರು. ಒಂದೊಂದೂ ಚಿಕ್ಕದೇ. ಸಂಬಳ ಬರ್ತಿರೋ ತನಕ ಗೊತ್ತೇ ಆಗಲ್ಲ. ಸಂಬಳ ನಿಂತ ದಿನ ಎಲ್ಲಾ ಒಟ್ಟಿಗೆ ಕಾಣುತ್ತೆ.

ಕೆಲಸ ಹೋಗಿದ್ದೂ ಹಾಗೇ, ನಿಮ್ಮೊಬ್ಬರ ಕಥೆ ಅಲ್ಲ. 2025ರ ಜುಲೈನಲ್ಲಿ ಟಿಸಿಎಸ್‌ನಂಥ ಟಿಸಿಎಸ್ಸೇ ಜಗತ್ತಿನಾದ್ಯಂತ 2 ಪರ್ಸೆಂಟ್, ಅಂದ್ರೆ ಸುಮಾರು 12,000 ಜನರನ್ನ ಕಮ್ಮಿ ಮಾಡ್ತೀವಿ ಅಂತ ಹೇಳ್ತು, ಅದರಲ್ಲೂ ಮಧ್ಯದ ಮತ್ತೆ ಮೇಲಿನ ಲೆವೆಲ್ಲಿನವರನ್ನೇ. ಹತ್ತು ಹನ್ನೆರಡು ವರ್ಷ ಅನುಭವ ಇರೋ ಲೀಡ್‌ಗಳಿಗೆ ಹೊಸ ಕೆಲಸ ಸಿಗೋಕೆ ಆರರಿಂದ ಒಂಬತ್ತು ತಿಂಗಳು ಹಿಡಿಯೋದನ್ನ ನಾನು ನನ್ನ ಹತ್ರ ಬರೋರಲ್ಲಿ ನೋಡ್ತಾನೇ ಇದೀನಿ. ನಿಮ್ಮ ಹತ್ರ ಇರೋದು ಹತ್ತು ತಿಂಗಳು. ಅಂಚಿನ ಮೇಲೆ ನಡೆದ ಹಾಗೆ.

ದಾವಣಗೆರೆಗೆ ಹೋದ್ರೆ ಹೇಗಿರುತ್ತೆ? ಬಾಡಿಗೆ ಸೊನ್ನೆ. ಸ್ಕೂಲು ಆಟೋ ಸೇರಿ 6,000, ಅಡುಗೆ ಖರ್ಚು 13,000 ಅಂತ ಇಟ್ಕೊಂಡಿದೀನಿ, ಅಕ್ಕಿ ಹರಿಹರದ ಕಡೆ ಇರೋ ಗದ್ದೆಯಿಂದ ಬರುತ್ತೆ ಅಂದಿದ್ದೀರಲ್ಲ ಅದಕ್ಕೆ. ಕಾರು ಅದೇ 11,500, ಮಾತ್ರೆ ಇನ್ಶೂರೆನ್ಸು ಅದೇ 6,000, ಉಳಿದಿದ್ದು 5,500. ಒಟ್ಟು 42,000. ನಿಮ್ಮ ಹೆಂಡತಿ ಸಂಬಳ ನಿಲ್ಲುತ್ತೆ, ಆದ್ರಿಂದ ಪೂರ್ತಿ 42,000 ಉಳಿತಾಯದಿಂದಲೇ ಹೋಗ್ಬೇಕು. ಫೆಬ್ರವರಿ ಮಾರ್ಚ್ ಎರಡು ತಿಂಗಳು ಇಲ್ಲೇ ಇದ್ದು ಸುಮಾರು ಒಂದೂವರೆ ಲಕ್ಷ ಖರ್ಚು ಮಾಡಿದ್ರೆ ಉಳಿಯೋದು 6 ಲಕ್ಷ. ಅಡ್ವಾನ್ಸಲ್ಲಿ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊಂಡ್ರೂ 1,68,000 ವಾಪಸ್ ಬರುತ್ತೆ. ಸಾಮಾನು ಸಾಗಿಸೋಕೆ 40,000 ತೆಗೆದ್ರೆ ಏಪ್ರಿಲ್ ಒಂದಕ್ಕೆ ಕೈಲಿ 7,30,000 ಇರುತ್ತೆ. ಅದನ್ನ 42,000ದಿಂದ ಭಾಗಿಸಿ, ಹದಿನೇಳು ತಿಂಗಳು. ಮುಂದಿನ ವರ್ಷ ಆಗಸ್ಟ್ ತನಕ ಉಸಿರಾಡಬಹುದು. ಇಲ್ಲೇ ಇದ್ರೆ ಈ ವರ್ಷ ದೀಪಾವಳಿ ದಾಟೋದ್ರೊಳಗೆ ಮುಗೀತು.

ಕಾರಿನ ವಿಷಯ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಇನ್ನೂ 2,80,000 ಲೋನ್ ಬಾಕಿ ಇದೆ, ಮಾರಿದ್ರೆ ನಾಲ್ಕೂವರೆ ಲಕ್ಷ ಬರಬಹುದು ಅಂತ ಬರೆದಿದ್ದೀರಿ. ಹಾಗಾದ್ರೆ ಸುಮಾರು 1,70,000 ಕೈಗೆ ಬರುತ್ತೆ, ತಿಂಗಳ ಖರ್ಚು 30,500ಕ್ಕೆ ಇಳಿಯುತ್ತೆ, ಹದಿನೇಳು ತಿಂಗಳು ಇಪ್ಪತ್ತೊಂಬತ್ತಾಗುತ್ತೆ. ಒಂದೇ ಒಂದು ಕಾರು ಮಾರಿದ್ರೆ ಒಂದು ವರ್ಷ ಸಿಕ್ಕ ಹಾಗೆ. ಲೋನ್ ಮೊದಲೇ ಮುಗಿಸಿದ್ರೆ ಬ್ಯಾಂಕು ಚಾರ್ಜ್ ಎಷ್ಟು ಹಾಕುತ್ತೆ ಅಂತ ಮಾತ್ರ ಮೊದಲು ಕೇಳ್ಕೊಳ್ಳಿ. ದಾವಣಗೆರೆಯಂಥ ಊರಲ್ಲಿ ಅಪ್ಪನ ಸ್ಕೂಟರಲ್ಲಿ ಹತ್ತು ಹದಿನೈದು ನಿಮಿಷದಲ್ಲಿ ಎಲ್ಲಾ ಕಡೆ ಓಡಾಡಬಹುದು. ಕಾರು ಇಲ್ದೆ ಊರಿಗೆ ಹೋದ್ರೆ ನೆಂಟರು ಏನಂದ್ಕೋತಾರೋ ಅನ್ನೋದು ಮನಸ್ಸಲ್ಲಿದ್ರೆ, ಅದು ಸಹಜ, ಆದ್ರೆ ನೆಂಟರು ಅಂದ್ಕೊಳ್ಳೋದಕ್ಕೋಸ್ಕರ ತಿಂಗಳಿಗೆ ಹನ್ನೊಂದೂವರೆ ಸಾವಿರ ಕಟ್ಟೋ ಸ್ಥಿತಿಲಿ ಈಗ ನೀವಿಲ್ಲ.

ನಾನು ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. 2009ರಲ್ಲಿ ಅಮೆರಿಕದ ರಿಸೆಷನ್ ಬಿಸಿ ಇಲ್ಲಿಗೆ ತಟ್ಟಿದಾಗ ನನ್ನ ಕೆಲಸನೂ ಹೋಯ್ತು. ಬನಶಂಕರಿಲಿ ಬಾಡಿಗೆ ಮನೆ, ಮಗನಿಗೆ ಮೂರು ವರ್ಷ. ಹಾಸನದ ಹತ್ರ ಊರಲ್ಲಿರೋ ಅಪ್ಪನಿಗೆ ಏಳು ತಿಂಗಳು ಹೇಳ್ಲೇ ಇಲ್ಲ. ಕೆಳಗಡೆ ಮನೆ ಓನರ್ ಅಜ್ಜಿ ಬೆಳಿಗ್ಗೆ ಜಗಲಿ ಮೇಲೆ ಕೂತಿರೋರು, ಅವರ ಮುಂದೆನೇ ಹಾದು ಹೋಗ್ಬೇಕು. ಲ್ಯಾಪ್‌ಟಾಪ್ ಕಂಪನಿಗೆ ವಾಪಸ್ ಕೊಟ್ಟಿದ್ರಿಂದ ಬ್ಯಾಗು ಚಪ್ಪಟೆ ಕಾಣುತ್ತೆ ಅಂತ ಎರಡು ದಪ್ಪ ನೋಟ್‌ಬುಕ್ಕು, ಒಂದು ಹಳೇ ಟವಲ್ ಮಡಿಸಿ ಒಳಗಿಟ್ಟು ಜಿಪ್ ಹಾಕ್ಕೊಂಡು ಎಂಟೂವರೆಗೆ ಮನೆ ಬಿಡ್ತಿದ್ದೆ. ಹೆಂಡತಿ ಡಬ್ಬಿ ಕಟ್ಟಿ ಕೊಡೋಳು, ಅವಳಿಗೆ ಗೊತ್ತಿತ್ತು. ಲೈಬ್ರರಿಲಿ ಕೂತು ಸಂಜೆ ಬರ್ತಿದ್ದೆ. ಕೊನೇ ಮೂರು ತಿಂಗಳ ಬಾಡಿಗೆ ಕ್ರೆಡಿಟ್ ಕಾರ್ಡಿಂದ ದುಡ್ಡು ತೆಗೆದು ಕೊಟ್ಟೆ. ಆಮೇಲೆ ಊರಿಗೆ ಹೋಗೋದು ಬಿಟ್ಟು ಬೇರೆ ದಾರಿನೇ ಇಲ್ದೆ ಹೋದೆ, ಆದ್ರೆ ಆ ಹೊತ್ತಿಗೆ ಅಡ್ವಾನ್ಸು ಬಾಡಿಗೆ ಬಾಕಿಗೇ ಸರಿಹೋಗಿತ್ತು, ಸಾಲ ಹೊತ್ಕೊಂಡು ಹೋದೆ. ಆ ಕಾರ್ಡಿನ ಸಾಲ ತೀರಿಸೋಕೆ ಹೊಸ ಕೆಲಸ ಸಿಕ್ಕಮೇಲೂ ಎರಡು ವರ್ಷ ಹಿಡೀತು. ಅಪ್ಪ ಅಂದಿದ್ದು ಒಂದೇ ಮಾತು, ಮೊದಲೇ ಬರಬಾರ್ದಿತ್ತೇನೋ ಅಂತ.

ಹಾಗಾಗಿ ನನ್ನ ಹತ್ರ ಬರೋ ಎಲ್ಲರಿಗೂ ನಾನು ಹೇಳೋದು ಇದೊಂದೇ, ಕೈಲಿ ದುಡ್ಡಿರುವಾಗ ಹೋಗಿ. ದುಡ್ಡಿದ್ದಾಗ ಹೋದ್ರೆ ಯಾವ ತಿಂಗಳು ಹೋಗೋದು, ಯಾವ ಸ್ಕೂಲು, ಯಾವ ಸಾಮಾನು ತಗೊಂಡು ಹೋಗೋದು ಅಂತ ನೀವು ತೀರ್ಮಾನ ಮಾಡ್ತೀರಿ. ಖಾಲಿಯಾದ್ಮೇಲೆ ಹೋದ್ರೆ ಓನರು ಮತ್ತೆ ಬ್ಯಾಂಕಿನೋರು ತೀರ್ಮಾನ ಮಾಡ್ತಾರೆ.

ಮೈಸೂರು ಯಾಕೆ ಬೇಡ ಅಂತೀನಿ ಅಂದ್ರೆ, ಮೈಸೂರು ಒಳ್ಳೇ ಊರೇ, 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ್ಮೇಲೆ ಬೆಂಗಳೂರಿಗೂ ಹತ್ರ, ಐಟಿ ಕಂಪನಿಗಳೂ ಇವೆ. ಅಲ್ಲಿ ಕೆಲಸ ಸಿಕ್ಕಿ ಹೋಗೋದಾದ್ರೆ ಕಣ್ಮುಚ್ಕೊಂಡು ಹೋಗಿ. ಕೆಲಸ ಇಲ್ದೆ ಹೋದ್ರೆ ಅಲ್ಲೂ ಬಾಡಿಗೆ, ಅಲ್ಲೂ ಅಡ್ವಾನ್ಸು, ಅಲ್ಲೂ ಹೊಸ ಸ್ಕೂಲಿನ ಅಡ್ಮಿಷನ್ ಫೀಸು, ಹೆಂಡತಿ ಸಂಬಳನೂ ಹೋಗುತ್ತೆ, ಅಪ್ಪ ಅಮ್ಮನ ಆಸರೆನೂ ಇಲ್ಲ. ಹುಬ್ಬಳ್ಳಿ ಮಂಗಳೂರಿಗೂ ಇದೇ ಮಾತು. ಬೆಂಗಳೂರಾಚೆ ಐಟಿ ಬೆಳೆಸ್ತೀವಿ ಅಂತ ಸರ್ಕಾರ ಕೆಲಸ ಮಾಡ್ತಿದೆ, ಈ ಊರುಗಳಲ್ಲೆಲ್ಲ ಕಂಪನಿಗಳು ಬರ್ತಿವೆ, ಅಪ್ಲೈ ಮಾಡ್ತಾ ಇರಿ. ಸಿಕ್ಕಿದ್ಮೇಲೆ ಮನೆ ಹುಡುಕಿ.

ದಾವಣಗೆರೆಯಲ್ಲೇ ನಿಮ್ಮ ಲೆವೆಲ್ಲಿನ ಟೆಸ್ಟಿಂಗ್ ಕೆಲಸ ಸಿಗುತ್ತೆ ಅಂತ ನಾನು ಹೇಳಲ್ಲ, ಸಿಗೋದು ಕಷ್ಟ. ಆದ್ರೆ ಈಗ ಇಂಟರ್‌ವ್ಯೂ ಹೇಗೆ ನಡೀತಿವೆ ನೋಡಿ, ಮೊದಲ ಎರಡು ಮೂರು ರೌಂಡು ವಿಡಿಯೋದಲ್ಲೇ. ಕಗ್ಗದಾಸಪುರದಲ್ಲಿ ಕೂತು ಮಾತಾಡಿದ್ರೂ ಒಂದೇ, ಅಪ್ಪನ ಮನೆ ಮೇಲಿನ ರೂಮಲ್ಲಿ ಕೂತು ಮಾತಾಡಿದ್ರೂ ಒಂದೇ. ಕೊನೇ ರೌಂಡಿಗೆ ಕರೆದ್ರೆ ರಾತ್ರಿ ರೈಲು ಹತ್ತಿದ್ರೆ ಬೆಳಿಗ್ಗೆ ಬೆಂಗಳೂರು, ವಂದೇ ಭಾರತ್ ಕೂಡ ದಾವಣಗೆರೆಯಲ್ಲಿ ನಿಲ್ಲುತ್ತೆ, ನಾಲ್ಕು ತಾಸಿನ ಆಸುಪಾಸಿನ ದಾರಿ. ಹೋಗೋಕೆ ಮುಂಚೆನೇ ಆ ಮನೆಗೆ ಒಂದು ಒಳ್ಳೇ ಫೈಬರ್ ಕನೆಕ್ಷನ್ನು, ಒಂದು ಯುಪಿಎಸ್ಸು ಹಾಕಿಸಿಬಿಡಿ, ಆ ಖರ್ಚಿಗೆ ಹಿಂದೆ ಮುಂದೆ ನೋಡ್ಬೇಡಿ. ಪ್ರೊಫೈಲಲ್ಲಿ ಲೊಕೇಷನ್ ಬೆಂಗಳೂರು ಅಂತಲೇ ಇರ್ಲಿ. ಯಾರಾದ್ರೂ ಕೇಳಿದ್ರೆ ಹದಿನೈದು ದಿನದಲ್ಲಿ ಜಾಯಿನ್ ಆಗ್ತೀನಿ ಅನ್ನಿ. ಆಫರ್ ಬಂದ್ರೆ ಮೊದಲ ಮೂರು ನಾಲ್ಕು ತಿಂಗಳು ನೀವೊಬ್ಬರೇ ಬಂದು ಪಿಜಿಲಿ ಇರಿ, ಕೆಲಸ ನಿಂತಿದೆ ಅಂತ ಧೈರ್ಯ ಬಂದ್ಮೇಲೆ ಮನೆಯವರನ್ನ ಕರ್ಕೊಂಡು ಬನ್ನಿ. ಇನ್ನೊಂದು ಎಚ್ಚರ, ಈ ಟೈಮಲ್ಲಿ ಬ್ಯಾಕ್‌ಡೋರ್ ಜಾಬ್ ಕೊಡಿಸ್ತೀವಿ, ಎರಡು ಲಕ್ಷ ಕಟ್ಟಿ ಅಂತ ಫೋನ್ ಮಾಡೋರು ಬಂದೇ ಬರ್ತಾರೆ. ಕೆಲಸಕ್ಕೆ ದುಡ್ಡು ಕೇಳಿದ್ರೆ ಫೋನ್ ಇಡಿ, ಅಷ್ಟೇ.

ಈಗ ನಿಮಗೆ ಬರಬೇಕಾದ ದುಡ್ಡು. ಇದನ್ನ ಬಹಳ ಜನ ಬಿಟ್ಟುಬಿಡ್ತಾರೆ, ನನಗೆ ಹೊಟ್ಟೆ ಉರಿಯುತ್ತೆ. 2025ರ ನವೆಂಬರ್ 21ಕ್ಕೆ ಹೊಸ ಕಾರ್ಮಿಕ ಸಂಹಿತೆಗಳು, ಅಂದ್ರೆ ಕೇಂದ್ರದ ಹೊಸ ಕಾರ್ಮಿಕ ಕಾನೂನುಗಳು, ಜಾರಿಗೆ ಬಂದಿವೆ. ಅದರಲ್ಲಿ ವೇತನ ಸಂಹಿತೆ ಪ್ರಕಾರ ಕೆಲಸದಿಂದ ತೆಗೆದ್ರೂ ಸರಿ, ನೀವೇ ರಿಸೈನ್ ಮಾಡಿದ್ರೂ ಸರಿ, ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೊಡ್ಬೇಕು. ನಿಮ್ಮದು ನವೆಂಬರ್ ಕೊನೇ ವಾರ, ಅಂದ್ರೆ ಆ ದಿನಾಂಕ ಆದ್ಮೇಲೆ. ನಮ್ಮ ಪಾಲಿಸಿ ಪ್ರಕಾರ 45 ದಿನ ಅಂತ ಅವರು ಹೇಳಿದ್ರೂ ಈಗ 60 ದಿನ ಆಗಿದೆ. ಫೋನಲ್ಲಿ ಕೇಳ್ಬೇಡಿ. ಇಮೇಲ್ ಮಾಡಿ, ತಾರೀಖು ಹಾಕಿ, ಬಾಕಿ ಸಂಬಳ, ಉಳಿದ ರಜೆಯ ದುಡ್ಡು, ಗ್ರಾಚುಟಿ (ಸಾಮಾನ್ಯವಾಗಿ ಐದು ವರ್ಷ ಕೆಲಸ ಮಾಡಿದೋರಿಗೆ ಬಿಡುವಾಗ ಕಂಪನಿ ಕೊಡೋ ಇಡಿಗಂಟು) ಇಷ್ಟೂ ಪಟ್ಟಿ ಮಾಡಿ ಕೇಳಿ.

ಗ್ರಾಚುಟಿ ಅಂದ ತಕ್ಷಣ ಐದು ವರ್ಷ ಆಗಿಲ್ವಲ್ಲ ಅಂತೀರಿ. ಎಚ್‌ಆರ್‌ನವರೂ ಅದನ್ನೇ ಹೇಳಿರ್ತಾರೆ. ಆದ್ರೆ ಕಾನೂನಲ್ಲಿ ಒಂದು ವರ್ಷದ ನಿರಂತರ ಸೇವೆ ಅಂದ್ರೆ 240 ದಿನ ಕೆಲಸ ಮಾಡಿದ್ರೆ ಸಾಕು ಅಂತ ಇದೆ. ಅದನ್ನ ಹಿಡ್ಕೊಂಡು ನಾಲ್ಕು ವರ್ಷ ಆಗಿ ಐದನೇ ವರ್ಷದಲ್ಲಿ 240 ದಿನ ದಾಟಿದ್ರೆ ಗ್ರಾಚುಟಿ ಕೊಡ್ಬೇಕು ಅಂತ ಮದ್ರಾಸ್ ಹೈಕೋರ್ಟು ತೀರ್ಪು ಕೊಟ್ಟಿದೆ. ನೀವು ಐದನೇ ವರ್ಷದಲ್ಲಿ ಹತ್ತು ತಿಂಗಳು ಮುಗಿಸಿದ್ದೀರಿ. ಎಲ್ಲಾ ಕಂಪನಿಗಳೂ ಇದನ್ನ ಸುಲಭಕ್ಕೆ ಒಪ್ಪಲ್ಲ, ಕೇಳಿದೋರಿಗೆ ಮಾತ್ರ ಕೊಡೋರೂ ಇದ್ದಾರೆ. ನಿಮ್ಮ ಬೇಸಿಕ್ 45,000 ಅಂದಿದ್ದೀರಿ, ಅದನ್ನ 15ರಿಂದ ಗುಣಿಸಿ 26ರಿಂದ ಭಾಗಿಸಿ, ಐದು ವರ್ಷಕ್ಕೆ ಗುಣಿಸಿದ್ರೆ 1,29,800 ಹತ್ರ ಆಗುತ್ತೆ. ಊರಲ್ಲಿ ಮೂರು ತಿಂಗಳ ಸಂಸಾರ ನಡೆಯೋ ದುಡ್ಡು ಅದು. ಕೊಡಲ್ಲ ಅಂದ್ರೆ ಬನ್ನೇರುಘಟ್ಟ ರಸ್ತೆಲಿ ಕಾರ್ಮಿಕ ಇಲಾಖೆ ಕಚೇರಿ ಇರೋ ಕಾರ್ಮಿಕ ಭವನಕ್ಕೆ ಹೋಗಿ ಲಿಖಿತ ಅರ್ಜಿ ಕೊಡಿ. ಬಲವಂತದ ರಿಸೈನ್ ಬಗ್ಗೆನೂ ಅಲ್ಲೇ ಕೇಳಬಹುದು, ಐಟಿ ನೌಕರರ ಯೂನಿಯನ್ ಕೆಐಟಿಯು ಇಂಥ ಕೇಸುಗಳನ್ನ ತಗೊಂಡು ಹೋಗ್ತಾರೆ, ಅವರ ಹತ್ರ ಮಾತಾಡಿ ನೋಡಿ. ಮೀಟಿಂಗಿನ ದಿನ ಬಂದ ಕ್ಯಾಲೆಂಡರ್ ಇನ್ವೈಟು, ಮೆಸೇಜು ಇವು ಏನಿದ್ರೂ ಡಿಲೀಟ್ ಮಾಡ್ಬೇಡಿ.

ಪಿಎಫ್. ಕೆಲಸ ಹೋದೋರು 75 ಪರ್ಸೆಂಟ್ ತನಕ ತೆಗೀಬಹುದು, ಉಳಿದ 25ಕ್ಕೆ ಮೊದಲು ಎರಡು ತಿಂಗಳು ಕಾದ್ರೆ ಸಾಕಿತ್ತು, ಅದನ್ನ ಹನ್ನೆರಡು ತಿಂಗಳು ಮಾಡೋಕೆ 2025ರ ಅಕ್ಟೋಬರಲ್ಲಿ ತೀರ್ಮಾನ ಆಗಿದೆ. ತೆಗೀಬಹುದು ಅಂದ ಮಾತ್ರಕ್ಕೆ ತೆಗೀಬೇಕು ಅಂತಿಲ್ಲ. ಕೆಲಸ ಬಿಟ್ಟ ಮಾತ್ರಕ್ಕೆ ಬಡ್ಡಿ ನಿಲ್ಲಲ್ಲ, 2024-25ಕ್ಕೆ 8.25 ಪರ್ಸೆಂಟ್ ಕೊಟ್ಟಿದ್ದಾರೆ, ಯಾವ ಎಫ್‌ಡಿಲಿ ಅಷ್ಟು ಸಿಗುತ್ತೆ? ಇನ್ನೊಂದು ಸೂಕ್ಷ್ಮ ಇದೆ, ಪಿಎಫ್ ಜೊತೆ ಬಹಳ ಜನಕ್ಕೆ ಪೆನ್ಷನ್ ಖಾತೆನೂ ಇರುತ್ತೆ, ನಿಮಗಿದ್ಯಾ ಅಂತ ಪಾಸ್‌ಬುಕ್ಕಲ್ಲಿ ನೋಡ್ಕೊಳ್ಳಿ, ಹತ್ತು ವರ್ಷ ಸೇವೆ ಪೂರ್ತಿಯಾದ್ರೆ ಮುಂದೆ ತಿಂಗಳ ಪೆನ್ಷನ್ನಿಗೆ ಹಕ್ಕು ಬರುತ್ತೆ. ಎಲ್ಲಾ ಕಂಪನಿ ಸೇರಿ ನಿಮ್ಮದು ಎಂಟು ವರ್ಷ ದಾಟಿದೆ. ಈಗ ಪೆನ್ಷನ್ ದುಡ್ಡು ತೆಗೆದ್ರೆ ಆ ಎಂಟು ವರ್ಷ ಹೋಯ್ತು, ಮತ್ತೆ ಒಂದರಿಂದ ಎಣಿಸ್ಬೇಕು. ಹಳೇ ಕಂಪನಿಗಳ ಪಿಎಫ್ ಎಲ್ಲಾ ಒಂದೇ ಯುಎಎನ್‌ಗೆ (ಕಂಪನಿ ಬದಲಾದ್ರೂ ಬದಲಾಗದ ನಿಮ್ಮ ಪಿಎಫ್ ನಂಬರು) ಟ್ರಾನ್ಸ್‌ಫರ್ ಆಗಿದ್ಯಾ ಅಂತ ಮಾತ್ರ ಪಾಸ್‌ಬುಕ್ ತೆಗೆದು ನೋಡಿ, ಬ್ಯಾಂಕಿನ ದುಡ್ಡು ಪೂರ್ತಿ ಮುಗಿದು ಬೇರೆ ದಾರಿ ಇಲ್ಲ ಅನ್ನೋ ದಿನ ಬಂದ್ರೆ ಆಗ ಮುಟ್ಟೋಣ.

ಇದೇ ಕಾರಣಕ್ಕೆ ಹೋಟೆಲ್ ಬೇಡ ಅಂದಿದ್ದು. ದಾವಣಗೆರೆ ಬೆಣ್ಣೆ ದೋಸೆಗೆ ಹೆಸರಿದೆ ನಿಜ, ಆದ್ರೆ ಆ ಊರಲ್ಲೇ ತಲೆಮಾರಿಂದ ಕಾವಲಿ ಮುಂದೆ ನಿಂತೋರು ಇದ್ದಾರೆ, ಅವರ ಪಕ್ಕದಲ್ಲಿ ನಿಮ್ಮ ಪಿಎಫ್ ದುಡ್ಡಲ್ಲಿ ಹೊಸ ಅಂಗಡಿ ಇಡೋದು, ಅದೂ ನಿಮ್ಮ ತಲೆ ಪೂರ್ತಿ ಇಂಟರ್‌ವ್ಯೂ ಕಡೆ ಇರುವಾಗ. ಆಸೆ ನಿಜವಾಗ್ಲೂ ಇದ್ರೆ ಮೂರು ತಿಂಗಳು ಫ್ರೆಂಡ್ ಹೋಟೆಲಲ್ಲಿ ಬೆಳಿಗ್ಗೆ ಐದಕ್ಕೆ ಹೋಗಿ ಕೆಲಸ ಮಾಡಿ, ದುಡ್ಡು ಹಾಕ್ದೆ. ಆಮೇಲೂ ಆಸೆ ಉಳಿದಿದ್ರೆ ಬರೀರಿ.

ಹೆಲ್ತ್ ಇನ್ಶೂರೆನ್ಸ್ ಒಂದು ದಿನನೂ ತಡ ಮಾಡ್ಬೇಡಿ. ಕಂಪನಿ ಕೊಟ್ಟಿದ್ದ ಗುಂಪು ಪಾಲಿಸಿ ನಿಮ್ಮ ಕೊನೇ ದಿನಕ್ಕೇ ಮುಗಿದಿರುತ್ತೆ, ನೀವು ಕಟ್ತಿರೋದು ಅಪ್ಪ ಅಮ್ಮನ ಪಾಲಿಸಿ ಮಾತ್ರ, ನಿಮ್ಮ ಮೂವರಿಗೆ ಈಗ ಏನೂ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತೆ ಫ್ಯಾಮಿಲಿ ಪಾಲಿಸಿಗಳ ಮೇಲೆ ಜಿಎಸ್‌ಟಿ ಇಲ್ಲ, ಮೊದಲು 18 ಪರ್ಸೆಂಟ್ ಇತ್ತು. ನಿಮ್ಮ ಲೆಕ್ಕದ 6,000ಕ್ಕೆ ಇನ್ನೊಂದು ಒಂದೂವರೆ ಎರಡು ಸಾವಿರ ಸೇರುತ್ತೆ, ಸೇರ್ಲಿ, ಒಂದು ತಿಂಗಳು ಕಮ್ಮಿ ಬಂದ್ರೂ ಪರವಾಗಿಲ್ಲ. ದಾವಣಗೆರೆಯಲ್ಲಿ ಮೆಡಿಕಲ್ ಕಾಲೇಜಿನ ದೊಡ್ಡ ಆಸ್ಪತ್ರೆಗಳೇ ಇವೆ, ಪಾಲಿಸಿ ತಗೊಳ್ಳುವಾಗ ಅವು ಕ್ಯಾಶ್‌ಲೆಸ್ ಪಟ್ಟಿಲಿ ಇವೆಯಾ ನೋಡ್ಕೊಳ್ಳಿ.

ಮನೆ ಖಾಲಿ ಮಾಡೋ ವಿಷಯ. ಅಡ್ವಾನ್ಸ್ ಬಗ್ಗೆ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಲಿ ಎರಡು ತಿಂಗಳಿಗಿಂತ ಜಾಸ್ತಿ ಇಸ್ಕೋಬಾರ್ದು ಅಂತಿದೆ, ಆದ್ರೆ ಅದು ಮಾದರಿ ಅಷ್ಟೇ, ರಾಜ್ಯ ಒಪ್ಕೊಂಡ್ರೆ ಮಾತ್ರ ಲಾಗೂ. ಬೆಂಗಳೂರಲ್ಲಿ ನಡೆಯೋದು ಅಗ್ರಿಮೆಂಟ್ ಏನು ಹೇಳುತ್ತೋ ಅದು. ಅಗ್ರಿಮೆಂಟ್ ತೆಗೆದು ನೋಟಿಸ್ ಎಷ್ಟು ತಿಂಗಳು ಅಂತ ನೋಡಿ, ಎರಡು ತಿಂಗಳು ಅಂತಿದ್ರೆ ಫೆಬ್ರವರಿ ಒಂದಕ್ಕೆ ಕೊಟ್ರೆ ಮಾರ್ಚ್ 31ಕ್ಕೆ ಸರಿಹೋಗುತ್ತೆ. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ವಾಟ್ಸಾಪಲ್ಲಿ ಬರೆದು ಕಳಿಸಿ. ಕೆಲಸ ಹೋದ ವಿಷಯ ಓನರಿಗೆ ಮುಚ್ಚಿಡ್ಬೇಡಿ, ನೇರವಾಗಿ ಹೇಳಿ, ಮಾರ್ಚ್ ಬಾಡಿಗೆನ ಅಡ್ವಾನ್ಸಲ್ಲೇ ಮುರ್ಕೊಳ್ಳಿ ಅಂತ ಕೇಳಿ, ಒಪ್ಪೋರು ಇದ್ದಾರೆ. ಖಾಲಿ ಮಾಡೋ ದಿನ ಸಾಮಾನು ಲಾರಿಗೆ ಏರಿಸಿದ್ಮೇಲೆ, ಕಸ ಗುಡಿಸಿ, ಓನರ್ ಜೊತೆಲೇ ಒಂದೊಂದು ರೂಮಿನ ವಿಡಿಯೋ ಮಾಡಿ. ಗೀಸರ್ ಆನ್ ಮಾಡಿ ತೋರಿಸಿ, ನಲ್ಲಿ ತಿರುಗಿಸಿ ತೋರಿಸಿ, ಬಾಲ್ಕನಿ ಬಾಗಿಲಿನ ಚಿಲಕ ಹಾಕಿ ತೆಗೆದು ತೋರಿಸಿ. ಹೋದ ವರ್ಷ ಒಂದು ಮನೆಯವರಿಗೆ ಗೀಸರ್ ಕೆಟ್ಟಿದೆ, ಕಿಚನ್ ಕಪಾಟಿನ ಕೀಲು ಮುರಿದಿದೆ ಅಂತ ಹನ್ನೆರಡು ಸಾವಿರ ಹಿಡಿದಿದ್ರು, ಈ ಥರ ವಿಡಿಯೋ ಕೈಲಿದ್ದಿದ್ರಿಂದ ಹನ್ನೊಂದು ಸಾವಿರ ವಾಪಸ್ ಬಂತು. ಗೃಹಜ್ಯೋತಿ ನಿಮ್ಮ ಆಧಾರಲ್ಲಿ ಈ ಮನೆಗೆ ಲಿಂಕ್ ಆಗಿದ್ರೆ ಡಿ-ಲಿಂಕ್ ಮಾಡಿಸಿಯೇ ಹೋಗಿ.

ಸಾಮಾನು ಎಲ್ಲಾ ಸಾಗಿಸ್ಬೇಡಿ. ಅಲ್ಲಿ ಅಪ್ಪ ಅಮ್ಮನ ಮನೇಲಿ ಫ್ರಿಜ್ಜು, ವಾಷಿಂಗ್ ಮಷೀನು ಇರುತ್ತೆ. ಮಂಚ ಸೋಫಾ ಇಲ್ಲೇ ಮಾರಿಬಿಡಿ. ಮಗಳ ಸೈಕಲ್ಲು, ಅವಳ ಪುಸ್ತಕದ ಕಪಾಟು ಮಾತ್ರ ಏನೇ ಆದ್ರೂ ಹೋಗ್ಲಿ.

ಮಗಳ ಸ್ಕೂಲು ಅಷ್ಟು ಕಷ್ಟ ಆಗಲ್ಲ. ನಾಲ್ಕು ಮುಗಿಸಿ ಐದಕ್ಕೆ ಸೇರೋದು ಊರು ಬದಲಾಯಿಸೋಕೆ ಒಳ್ಳೇ ಹೊತ್ತೇ, ಒಂಬತ್ತು ಹತ್ತರಲ್ಲಿ ಆಗಿದ್ರೆ ನಾನೇ ಬೇಡ ಅಂತಿದ್ದೆ. ಟಿಸಿ, ಮಾರ್ಕ್ಸ್ ಕಾರ್ಡು, ಸ್ಯಾಟ್ಸ್ ನಂಬರು (ಶಿಕ್ಷಣ ಇಲಾಖೆ ಪ್ರತಿ ಮಗುವಿಗೆ ಕೊಡೋ ನಂಬರು) ಇಷ್ಟು ತಗೊಳ್ಳಿ, ಏಪ್ರಿಲಲ್ಲೇ ಎರಡು ಮೂರು ಸ್ಕೂಲು ಅವಳನ್ನೇ ಕರ್ಕೊಂಡು ಹೋಗಿ ತೋರಿಸಿ, ಒಂದನ್ನ ಅವಳೇ ಆರಿಸ್ಲಿ. ಅಪ್ಪನಿಗೆ ಕೆಲಸ ಇಲ್ಲ ಅನ್ನೋದು ಅವಳಿಗೆ ಆಗ್ಲೇ ಗೊತ್ತಿರುತ್ತೆ. ಈ ವಯಸ್ಸಿನ ಮಕ್ಕಳು ಬಾಗಿಲ ಹಿಂದಿನ ಮಾತೆಲ್ಲ ಕೇಳಿಸ್ಕೊಂಡಿರ್ತಾರೆ. ನೀವೇ ಹೇಳಿ.

ಕೊನೆಗೆ ಇಟ್ಕೊಂಡಿದ್ದು ನಿಮ್ಮ ಹೆಂಡತಿ ವಿಷಯ, ಇದೇ ಎಲ್ಲಕ್ಕಿಂತ ಭಾರದ್ದು. ಊರಿಗೆ ವಾಪಸ್ ಹೋದ ಸಂಸಾರಗಳಲ್ಲಿ ಮತ್ತೆ ಆರು ತಿಂಗಳಿಗೆ ಸಾಲ ಮಾಡಿ ಬೆಂಗಳೂರಿಗೆ ಓಡಿ ಬಂದೋರನ್ನ ನಾನು ನೋಡಿದೀನಿ, ಹೆಚ್ಚಿನ ಕಡೆ ಕಾರಣ ದುಡ್ಡಲ್ಲ, ಅಡುಗೆ ಮನೆ. ನಿಮಗೆ ಅದು ಹುಟ್ಟಿದ ಮನೆ, ಅವರಿಗೆ ಅತ್ತೆ ಮನೆ. ನೀವು ಕಳ್ಕೊಂಡಿರೋದು ಒಂದು ಕೆಲಸ, ಊರಿಗೆ ಹೋದ್ರೆ ಅವರೂ ಒಂದು ಕೆಲಸ ಕಳ್ಕೋತಾರೆ, ಹದಿನೆಂಟು ಸಾವಿರವೇ ಇರಬಹುದು, ಈ ಎರಡು ತಿಂಗಳು ಮನೆಗೆ ಬಂದ ಒಂದೇ ಸಂಬಳ ಅದು. ಜೊತೆಗೆ ಸ್ಕೂಲಿನ ಗೆಳತಿಯರು, ಸಂಜೆ ತಮ್ಮ ಪಾಡಿಗೆ ಕೂತು ಕಾಫಿ ಕುಡಿಯೋ ಅರ್ಧ ಗಂಟೆ, ಅದೂ ಹೋಗುತ್ತೆ. ಮೇಲಿನ ಪೋರ್ಷನ್ ಖಾಲಿ ಇದೆ ಅಂದ್ರಲ್ಲ, ಅಲ್ಲಿ ಬೇರೆ ಗ್ಯಾಸು, ಬೇರೆ ಅಡುಗೆ ಇಟ್ಕೊಳ್ಳಿ. ಅಪ್ಪ ಅಮ್ಮ ಬೇಜಾರು ಮಾಡ್ಕೊಂಡ್ರೂ ಮೊದಲೇ ಹೇಳ್ಬಿಡಿ, ಹೇಳೋದು ನೀವು, ಅವರ ಬಾಯಿಂದ ಹೇಳಿಸ್ಬೇಡಿ. ದಾವಣಗೆರೆ ವಿದ್ಯಾಸಂಸ್ಥೆಗಳ ಊರು, ಅವರಿಗೆ ಸ್ಕೂಲಲ್ಲಿ ಕೆಲಸ ಸಿಗೋ ಚಾನ್ಸು ನಿಮಗಿಂತ ಜಾಸ್ತಿನೇ, ಅವರ ಬಯೋಡೇಟಾನೂ ಈಗಲೇ ಕಳಿಸಿ, ಜೂನ್‌ಗೆ ಸ್ಕೂಲು ಶುರುವಾಗೋ ಮುಂಚೆ ಟೀಚರ್‌ಗಳನ್ನ ತಗೊಳ್ಳೋದು ಮಾರ್ಚ್ ಏಪ್ರಿಲಲ್ಲೇ. ಅವರಿಗೆ ಅಲ್ಲಿ ಕೆಲಸ ಸಿಕ್ಕಿ ನಿಮಗೆ ತಡವಾದ್ರೆ ಮಗಳನ್ನ ಸ್ಕೂಲಿಂದ ಕರ್ಕೊಂಡು ಬರೋದು, ಮಧ್ಯಾಹ್ನದ ಊಟ ನೋಡ್ಕೊಳ್ಳೋದು ನಿಮ್ಮ ಪಾಲಿಗೆ ಬರುತ್ತೆ, ಅದಕ್ಕೂ ಮನಸ್ಸು ಸಿದ್ಧ ಇರ್ಲಿ.

ಅವರು ಕೇಳಿ, ಯೋಚನೆ ಮಾಡಿ, ನಾನು ಬರಲ್ಲ ಅಂದ್ರೆ? ಆಗ ಎರಡನೇ ದಾರಿ ಇದೆ. ಇದೇ ಬೆಂಗಳೂರಲ್ಲಿ, ಅವರ ಸ್ಕೂಲಿಗೆ ಒಂದೇ ಬಸ್ಸಲ್ಲಿ ಹೋಗೋ ದೂರದಲ್ಲಿ, ಅಪಾರ್ಟ್‌ಮೆಂಟ್ ಬಿಟ್ಟು ಯಾರದಾದ್ರೂ ಮನೆಯ ಮಹಡಿಲಿ ಒಂದು ಬೆಡ್‌ರೂಮಿನ ಮನೆ, ಹದಿನಾರು ಹದಿನೇಳು ಸಾವಿರದೊಳಗೆ. ಸ್ಕೂಲು ಅದೇ ಇರ್ಲಿ, ಕಾರು ಮಾರಿ. ಆಗ ತಿಂಗಳಿಗೆ ಸೋರೋದು 74,000 ಬದಲು 44,000 ಆಸುಪಾಸಿಗೆ ಬರುತ್ತೆ. ಊರಿಗೆ ಹೋದಷ್ಟು ದೂರ ಬರಲ್ಲ, ಆದ್ರೂ ಒಂದೂವರೆ ವರ್ಷದ ಹತ್ರ ಎಳೆಯುತ್ತೆ. ಇಷ್ಟವಿಲ್ದೆ ಅವರನ್ನ ಎಳ್ಕೊಂಡು ಹೋಗೋದಕ್ಕಿಂತ ಇದು ಎಷ್ಟೋ ವಾಸಿ.

ಇವತ್ತು ಸಂಜೆ ಮಗಳು ಮಲಗಿದ್ಮೇಲೆ ಈ ಎರಡು ಲೆಕ್ಕನೂ ಒಂದು ಹಾಳೆಲಿ ಬರೆದು ಅವರ ಮುಂದೆ ಇಡಿ. ಕಂಪನಿಗೆ ಇಮೇಲು ಮಾತ್ರ ಅದಕ್ಕೂ ಮುಂಚೆನೇ ಕಳಿಸಿ, ಗ್ರಾಚುಟಿ ಬಗ್ಗೆ ಅವರು ಏನು ಉತ್ತರ ಕೊಟ್ರು ಅನ್ನೋದನ್ನ ನನಗೆ ಹಾಗೇ ಫಾರ್ವರ್ಡ್ ಮಾಡಿ, ಕಾರ್ಮಿಕ ಭವನಕ್ಕೆ ಕೊಡೋ ಅರ್ಜಿನ ಒಟ್ಟಿಗೆ ಬರೆಯೋಣ.